ಫೋಬೋಸ್‌ಗೆ ಮೈಬಣ್ಣ ಹಚ್ಚುವ ಕೆಲಸ: ಐದು ವಾರಗಳ ದಿನಚರಿ

ಮೊದಲ ವಾರ

ಬಾಹ್ಯಾಕಾಶದಲ್ಲಿ ಸುತ್ತಾಡಿಸುವ ಸಿಮ್ಯುಲೇಶನ್ ತಂತ್ರಾಂಶ ಸೆಲೆಸ್ಟಿಯಾದಲ್ಲಿ ಮಂಗಳನ ಉಪಗ್ರಹ ಫೋಬೋಸ್ ಮೊದಲಿನಿಂದಲೂ ಇದೆ. ದೂರದಿಂದ ಚೆನ್ನಾಗಿಯೇ ಕಾಣುತ್ತದೆ, ಆದರೆ ಹತ್ತಿರ ಹೋದ ಹಾಗೆ ಮೈ ಮಸುಕಾಗುತ್ತದೆ. ಸ್ಟಿಕ್ನಿ ಎಂಬ ಆ ದೊಡ್ಡ ಕುಳಿಯ ಅಂಚಿನಲ್ಲಿ ನಿಂತು ಸೂರ್ಯ ಹುಟ್ಟುವುದನ್ನು ನೋಡಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಅದಕ್ಕಾಗಿ ಮೆಶ್‌ನಿಂದ (ತ್ರಿಕೋನಗಳಿಂದ ಹೆಣೆದ ಆಕಾರದಿಂದ) ಹಿಡಿದು ಎಲ್ಲವನ್ನೂ ಹೊಸದಾಗಿ ಮಾಡಲು ಕೂತಿದ್ದೇನೆ.

ಆಕಾರಕ್ಕೆ ರಾಬರ್ಟ್ ಗ್ಯಾಸ್ಕೆಲ್ ಅವರು ವ್ಯೋಮನೌಕೆಗಳ ಚಿತ್ರಗಳಿಂದ ಕಟ್ಟಿದ ಮಾದರಿ ಸಿಕ್ಕಿತು. ನಾಸಾದ ಗ್ರಹ ದತ್ತಾಂಶ ಭಂಡಾರದಲ್ಲಿ ಅದು ಎಲ್ಲರಿಗೂ ತೆರೆದಿದೆ. ಒಂದು ಘನದ ಆರು ಮುಖಗಳನ್ನು ಉಬ್ಬಿಸಿ ಫೋಬೋಸ್ ಮಾಡಿದಂತೆ ಅದರ ಜೋಡಣೆ. ಮುಖಕ್ಕೆ 64×64 ಚೌಕವಿರುವ ಫೈಲ್‌ನಲ್ಲಿ 25,350 ಬಿಂದುಗಳು, 49,152 ತ್ರಿಕೋನಗಳು. 512×512 ಚೌಕದ್ದರಲ್ಲಿ ತ್ರಿಕೋನಗಳೇ 31,45,728. ತೋರಿಸುವುದಕ್ಕೆ ಚಿಕ್ಕದನ್ನೇ ಆರಿಸಿಕೊಂಡೆ. ದೊಡ್ಡದು ಮುಂದೆ ಬೇರೆ ಕೆಲಸಕ್ಕೆ ಬಂತು.

ಪ್ರತಿ ಬಿಂದುವಿನ ಅಕ್ಷಾಂಶ, ರೇಖಾಂಶ ಲೆಕ್ಕ ಹಾಕಿ ಅದನ್ನೇ ಯುವಿ ಮಾಡಿದೆ, ಅಂದರೆ ಚಪ್ಪಟೆ ಚಿತ್ರದ ಯಾವ ಜಾಗ ಆ ಬಿಂದುವಿಗೆ ಅಂಟಬೇಕು ಎಂದು ಹೇಳುವ ಜೋಡಿ ಅಂಕಿ: ಯು ಅಡ್ಡಕ್ಕೆ, ವಿ ಮೇಲೆಕೆಳಗೆ. ಸೆಲೆಸ್ಟಿಯಾ ನಿರೀಕ್ಷಿಸುವ ನಕ್ಷೆಯಲ್ಲಿ ನಡುಮಧ್ಯ ಸೊನ್ನೆ ರೇಖಾಂಶ, ಎಡ ಅಂಚು 180 ಡಿಗ್ರಿ ಪಶ್ಚಿಮ. ಸ್ಟಿಕ್ನಿ ಇರುವುದು ಸುಮಾರು 49 ಡಿಗ್ರಿ ಪಶ್ಚಿಮದಲ್ಲಿ, ಅಂದರೆ ನಕ್ಷೆಯ ನಡುವಿನಿಂದ ಎಡಕ್ಕೆ. ತೆರೆದು ನೋಡಿದರೆ ಎರಡು ಸ್ಟಿಕ್ನಿ! ಪಶ್ಚಿಮದಲ್ಲಿ ಗುಂಡಿಯಿಲ್ಲದ ಚಿತ್ರ, ಪೂರ್ವದಲ್ಲಿ ಚಿತ್ರವಿಲ್ಲದ ಗುಂಡಿ. ಆಕಾರದ ಫೈಲ್‌ನಲ್ಲಿ ಮೇಲಕ್ಕೆ ಹೋಗುವ ಅಕ್ಷ ಜ಼ೆಡ್, ಸೆಲೆಸ್ಟಿಯಾದಲ್ಲಿ ವೈ. ಎರಡನ್ನೂ ಬರೀ ಅದಲುಬದಲು ಮಾಡಿದ್ದೆ, ಒಂದರ ಚಿಹ್ನೆ ಬದಲಿಸಿರಲಿಲ್ಲ. ಹಾಗೆ ಮಾಡಿದರೆ ಇಡೀ ಕಾಯ ಕನ್ನಡಿಯ ಬಿಂಬವಾಗುತ್ತದೆ, ತ್ರಿಕೋನಗಳ ಹೊರಮುಖ ಯಾವುದೆಂದು ಹೇಳುವ ಸುತ್ತುವ ದಿಕ್ಕೂ ತಿರುಗುತ್ತದೆ. ಕೆಲವು ಕೋನಗಳಲ್ಲಿ ಫೋಬೋಸಿನ ಒಳಗೋಡೆ ಕಾಣುತ್ತಿದ್ದದ್ದು ಇದರಿಂದಲೇ. ಒಂದು ಮೈನಸ್ ಚಿಹ್ನೆ ಎರಡನ್ನೂ ಸರಿಮಾಡಿತು.

ಎರಡನೇ ವಾರ

ಚಿತ್ರ ತಲೆಕೆಳಗಾಗಿ ಬಂದದ್ದು ಸಣ್ಣ ವಿಷಯ. ವಿ ಇದ್ದಲ್ಲಿ ಒಂದರಿಂದ ವಿ ಕಳೆದು ಬರೆದರೆ ಮುಗಿಯಿತು.

ನಕ್ಷೆಯ ಎಡ ಬಲ ಅಂಚುಗಳು ಕೂಡುವ ಹೊಲಿಗೆಯ ವಿಷಯ ಹಾಗಲ್ಲ. 180 ಡಿಗ್ರಿ ರೇಖಾಂಶ ದಾಟುವ ತ್ರಿಕೋನದ ಒಂದು ಮೂಲೆಗೆ ಯು ಬೆಲೆ 0.99, ಇನ್ನೊಂದಕ್ಕೆ 0.01. ನಡುವೆ ಹಾದುಹೋಗಬೇಕಾದದ್ದು ಕೂದಲೆಳೆಯಷ್ಟು ದೂರ. ಗ್ರಾಫಿಕ್ಸ್ ಕಾರ್ಡ್‌ಗೆ ಅದು ಹೇಗೆ ಗೊತ್ತಾಗಬೇಕು? ಅದು 0.99ರಿಂದ ಹಿಂದಕ್ಕೆ ಓಡಿ ಇಡೀ ನಕ್ಷೆಯನ್ನು ಆ ಒಂದು ತ್ರಿಕೋನದೊಳಗೆ ತುರುಕುತ್ತದೆ. ಪರಿಣಾಮವಾಗಿ ಉತ್ತರದಿಂದ ದಕ್ಷಿಣಕ್ಕೆ ಗರಗಸದ ಹಲ್ಲಿನಂಥ ಪಟ್ಟಿ. ಆ ಗೆರೆಯ ಮೇಲಿನ ಬಿಂದುಗಳನ್ನು ನಕಲು ಮಾಡಿ, ಒಂದು ಪ್ರತಿಗೆ 0.01, ಇನ್ನೊಂದಕ್ಕೆ 1.01 ಕೊಟ್ಟ ಮೇಲೆ ಪಟ್ಟಿ ಹೋಯಿತು. ಧ್ರುವಗಳ ಹತ್ತಿರದ ತ್ರಿಕೋನಗಳಿಗೆ ಬೇರೆಯದೇ ಉಪಾಯ ಬೇಕು. ಧ್ರುವಬಿಂದುವಿಗೆ ರೇಖಾಂಶವೇ ಇಲ್ಲವಲ್ಲ. ಪ್ರತಿ ತ್ರಿಕೋನಕ್ಕೂ ಅದರದೇ ಧ್ರುವಬಿಂದು ಕೊಟ್ಟು, ಉಳಿದೆರಡು ಮೂಲೆಗಳ ಸರಾಸರಿ ಯು ಬರೆದೆ. ಅಲ್ಲಿ ಚಿತ್ರದ ತಿರುಚು ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ.

ಮೂರನೇ ವಾರ

ಇಲ್ಲಿಂದ ನನ್ನ ಯೋಜನೆಯೇ ಬದಲಾಯಿತು.

ನಾನು ಹಚ್ಚಿದ್ದು ನಾಸಾದ ವೈಕಿಂಗ್ ಆರ್ಬಿಟರ್‌ಗಳು 1976ರಿಂದೀಚೆಗೆ ತೆಗೆದ ಚಿತ್ರಗಳ ಮೇಲೆ ನಿಂತ ಜೋಡಣೆ ನಕ್ಷೆ. ಕುಳಿಗಳು, ಮೈತುಂಬ ಹರಡಿದ ಗೀರುಗಳು, ಎಲ್ಲ ಇವೆ. ಆದರೆ ಸಿಮ್ಯುಲೇಶನ್‌ನ ಗಡಿಯಾರ ಓಡಿಸಿದಾಗ ಏನೋ ಸರಿಯಿಲ್ಲ ಅನ್ನಿಸಿತು. ಫೋಬೋಸ್ 7 ಗಂಟೆ 39 ನಿಮಿಷಕ್ಕೆ ಒಂದು ಸುತ್ತು ತಿರುಗುತ್ತದೆ, ಅದಕ್ಕೆ ತಕ್ಕಂತೆ ಸೂರ್ಯನ ಬೆಳಕು ಕುಳಿಯ ಒಂದು ಗೋಡೆಯಿಂದ ಇನ್ನೊಂದಕ್ಕೆ ಸರಿಯಬೇಕು. ಮೆಶ್‌ನಲ್ಲಿ ಸರಿಯುತ್ತಿತ್ತು, ಚಿತ್ರದಲ್ಲಿ ಇಲ್ಲ. ಬೆಳಕು ಬಲಗಡೆಯಿಂದ ಬೀಳುತ್ತಿದ್ದರೂ ಚಿಕ್ಕ ಕುಳಿಗಳ ಬಲಗೋಡೆಯೇ ಹೊಳೆಯುತ್ತಿತ್ತು. ಗುಂಡಿಗಳೆಲ್ಲ ಗುಳ್ಳೆಗಳಾಗಿ ಕಂಡವು. ಆಕಾಶದಲ್ಲಿ ಒಬ್ಬ ಸೂರ್ಯ, ಟೆಕ್ಸ್ಚರ್‌ನೊಳಗೆ (ಮೆಶ್‌ಗೆ ಹೊದಿಸುವ ಚಿತ್ರದೊಳಗೆ) ಕ್ಯಾಮೆರಾ ಕ್ಲಿಕ್ಕಿಸಿದ ದಿನದ ಇನ್ನೊಬ್ಬ ಸೂರ್ಯ.

ಟೆಕ್ಸ್ಚರ್‌ನಲ್ಲಿ ಇರಬೇಕಾದದ್ದು ವಸ್ತುವಿನ ಬಣ್ಣ ಮಾತ್ರ, ಅದರ ಮೇಲೆ ಅಂದು ಬಿದ್ದ ಬೆಳಕಲ್ಲ. ಫೋಬೋಸ್ ವಿಷಯದಲ್ಲಂತೂ ಈ ಭೇದ ತೀರ ದೊಡ್ಡದು. ಬಿದ್ದ ಬೆಳಕಿನಲ್ಲಿ ಸುಮಾರು ನೂರಕ್ಕೆ ಏಳು ಪಾಲು ಮಾತ್ರ ಹಿಂದಿರುಗಿಸುವ ಕಡುಗಪ್ಪು ಕಲ್ಲು ಅದು, ಬಣ್ಣದ ಏರಿಳಿತ ಕಡಿಮೆ. ನಕ್ಷೆಯಲ್ಲಿ ನಾವು ವಿವರ ಅಂದುಕೊಳ್ಳುವುದರಲ್ಲಿ ಬಹುಪಾಲು ನೆರಳು. ನೆರಳನ್ನು ಫಿಲ್ಟರ್ ಹಾಕಿ ತೆಳುವಾಗಿಸಲು ಎರಡು ಸಂಜೆ ಪ್ರಯತ್ನಿಸಿದೆ. ದೊಡ್ಡ ಛಾಯೆ ಹೋಗುತ್ತದೆ, ಚಿಕ್ಕ ಕುಳಿಗಳ ಗೋಡೆಯ ನೆರಳು ಹಾಗೇ ಉಳಿಯುತ್ತದೆ. ಕೊನೆಗೆ ನಕ್ಷೆಯನ್ನೇ ಕೈಬಿಟ್ಟೆ.

ಈಗಿನ ಬಣ್ಣದ ಟೆಕ್ಸ್ಚರ್ ನೋಡಿದವರಿಗೆ ಅದು ಖಾಲಿ ಹಾಳೆ ಅನ್ನಿಸಬಹುದು. ಕಂದು ಮಿಶ್ರಿತ ಬೂದು, ಅಲ್ಲಲ್ಲಿ ತುಸು ವ್ಯತ್ಯಾಸ, ಸ್ಟಿಕ್ನಿಯ ಒಂದು ಪಕ್ಕದಲ್ಲಿ ಮಾತ್ರ ನೀಲಿಯತ್ತ ಸಣ್ಣದಾಗಿ ವಾಲಿದ ಬೂದು. 2008ರ ಮಾರ್ಚ್ 23ರಂದು ಮಂಗಳನನ್ನು ಸುತ್ತುವ ನಾಸಾ ನೌಕೆಯ ಹೈರೈಸ್ ಕ್ಯಾಮೆರಾ ತೆಗೆದ ಬಣ್ಣದ ಚಿತ್ರದಲ್ಲಿ ಆ ನೀಲಿ ಎದ್ದು ಕಾಣುತ್ತದೆ. ಅಲ್ಲಿ ಬಣ್ಣವನ್ನು ಹಿಗ್ಗಿಸಿ ತೋರಿಸಿದ್ದಾರೆ, ಹಾಗಾಗಿ ನಾನು ಕೈ ಬಿಗಿಹಿಡಿದು ಹಚ್ಚಿದೆ.

ನಾಲ್ಕನೇ ವಾರ

ಬಣ್ಣದಿಂದ ತೆಗೆದ ಕುಳಿಗಳೆಲ್ಲ ಈಗ ನಾರ್ಮಲ್ ಮ್ಯಾಪ್‌ಗೆ ಬಂದಿವೆ, ಅಂದರೆ ಮೈಯ ಪ್ರತಿ ಜಾಗ ಯಾವ ಕಡೆಗೆ ವಾಲಿದೆ ಎಂದು ಬಣ್ಣದಲ್ಲಿ ಬರೆದಿಟ್ಟ ಚಿತ್ರಕ್ಕೆ. 3ಡಿ ತಂತ್ರಾಂಶ ಬ್ಲೆಂಡರ್‌ನಲ್ಲಿ ಆ ದೊಡ್ಡ ಮೆಶ್‌ನ ಉಬ್ಬುತಗ್ಗನ್ನು ಚಿಕ್ಕ ಮೆಶ್‌ನ ಮೇಲೆ ಬೇಕ್ ಮಾಡಿದೆ, ಅಂದರೆ ಚಿತ್ರವಾಗಿ ಅಚ್ಚೊತ್ತಿದೆ. ಮೊದಲು 4096×2048 ಅಳತೆಯಲ್ಲಿ ಮಾಡಿ, ಆಮೇಲೆ 2048×1024ಕ್ಕೆ ಇಳಿದೆ. ಫೋಬೋಸಿನ ಸುತ್ತಳತೆ ಸುಮಾರು 70 ಕಿ.ಮೀ., 4096 ಪಿಕ್ಸೆಲ್‌ಗೆ ಹಂಚಿದರೆ ಒಂದಕ್ಕೆ 17 ಮೀಟರ್. ಆದರೆ ದೊಡ್ಡ ಮೆಶ್‌ನ ಬಿಂದುಗಳ ನಡುವಿನ ಅಂತರವೇ ಸುಮಾರು 30 ಮೀಟರ್. ದತ್ತಾಂಶದಲ್ಲಿ ಇಲ್ಲದ್ದನ್ನು ಪಿಕ್ಸೆಲ್ ಹೆಚ್ಚಿಸಿ ತರಲಾಗದು.

ಹಾಕಿ ನೋಡಿದೆ. ಏನೂ ಬದಲಾಗಲಿಲ್ಲ. ಸಿಮಾಡ್ ಫೈಲ್‌ನ (ಸೆಲೆಸ್ಟಿಯಾದ ಮೆಶ್ ಫೈಲ್‌ನ) ಮೆಟೀರಿಯಲ್‌ನಲ್ಲಿ, ಅಂದರೆ ಮೈಯ ಬಣ್ಣ ಚಿತ್ರಗಳ ವಿವರದಲ್ಲಿ, ನಾರ್ಮಲ್ ಮ್ಯಾಪ್‌ನ ಹೆಸರಿದೆ, ಪ್ರತಿ ಬಿಂದುವಿಗೂ ಅದಕ್ಕೆ ಬೇಕಾದ ದಿಕ್ಕಿನ ಅಂಕಿ (ಟ್ಯಾಂಜೆಂಟ್) ಇದೆ, ಆದರೂ ಮೈ ನುಣುಪು. ಕಾರಣ ಕಾಯದ ವಿವರ ಬರೆದಿಡುವ ಎಸ್‌ಎಸ್‌ಸಿ ಫೈಲ್‌ನಲ್ಲಿತ್ತು. ಅಲ್ಲಿ ಮೆಶ್ ಜೊತೆಗೆ ಟೆಕ್ಸ್ಚರ್ ಅಂತಲೂ ಒಂದು ಸಾಲು ಬರೆದಿದ್ದರೆ, ಸೆಲೆಸ್ಟಿಯಾ ಮೆಶ್‌ನೊಳಗಿನ ಮೆಟೀರಿಯಲ್ ಬಿಟ್ಟು ಆ ಒಂದು ಚಿತ್ರವನ್ನೇ ಮೇಲೆ ಹೊದಿಸುತ್ತದೆ. ಆ ಸಾಲು ಅಳಿಸಿದ ಕೂಡಲೇ ಗೀರುಗಳು ಎದ್ದವು. ಇದೇ ಕೆಲಸಕ್ಕೆ ಕೈಹಾಕುವವರು ಎಲ್ಲಕ್ಕೂ ಮೊದಲು ಅದನ್ನು ನೋಡಿಕೊಳ್ಳಿ. ನನಗೆ ನಾಲ್ಕು ದಿನ ಹಿಡಿಯಿತು.

ಇನ್ನೊಂದು ತಪ್ಪು ಬಹಳ ಹೊತ್ತು ಅಡಗಿ ಕೂತಿತ್ತು. ನಾರ್ಮಲ್ ಮ್ಯಾಪ್‌ನ ಹಸಿರು ಚಾನೆಲ್ ಉಲ್ಟಾ ಇತ್ತು, ಅಂದರೆ ಉತ್ತರ ದಕ್ಷಿಣದ ಇಳಿಜಾರುಗಳು ಮಾತ್ರ ತಿರುಗುಮುರುಗು. ಸಮಭಾಜಕದ ಬಳಿ ಸೂರ್ಯ ಹೆಚ್ಚಾಗಿ ಪೂರ್ವ ಪಶ್ಚಿಮವಾಗಿ ಸಾಗುವುದರಿಂದ ಅಲ್ಲಿ ಎಲ್ಲ ಸರಿಯಾಗಿಯೇ ಕಂಡಿತು. ನಾನು ನೋಡುತ್ತಿದ್ದುದೂ ಸಮಭಾಜಕದ ಮೇಲಿನ ಸ್ಟಿಕ್ನಿಯನ್ನೇ. ಉತ್ತರ ಧ್ರುವದ ಕಡೆ ಹೋದಾಗ, ಬೆಳಕು ದಕ್ಷಿಣದಿಂದ ಓರೆಯಾಗಿ ಬೀಳುವಲ್ಲಿ, ಗುಳ್ಳೆಗಳು ಮತ್ತೆ ಕಂಡವು. ನಾರ್ಮಲ್ ಮ್ಯಾಪ್ ಪರೀಕ್ಷೆಗೆ ಎತ್ತರದ ಅಕ್ಷಾಂಶವೇ ಸರಿಯಾದ ಜಾಗ.

ಐದನೇ ವಾರ

ಫೈಲ್‌ಗಳ ತೂಕ ಇಳಿಸಿದ್ದೇನೆ. 4096×2048ರ ಬಣ್ಣದ ಚಿತ್ರ ಹಾಗೇ ಇಟ್ಟರೆ ಕಾರ್ಡ್‌ನ ಮೆಮೊರಿಯಲ್ಲಿ 32 ಎಂಬಿ, ಡಿಎಕ್ಸ್‌ಟಿ1 ಎಂಬ ವಿಧಾನದಲ್ಲಿ ಕುಗ್ಗಿಸಿದ ಡಿಡಿಎಸ್ ಫೈಲ್ ಆದರೆ 4 ಎಂಬಿ. ನಾರ್ಮಲ್ ಮ್ಯಾಪ್‌ಗೆ ಮಾತ್ರ ಅದನ್ನು ಬಳಸಬೇಡಿ, ಕುಳಿಗಳ ಅಂಚು ಚೌಕಚೌಕವಾಗಿ ಒಡೆಯುತ್ತದೆ. ನಾರ್ಮಲ್ ಮ್ಯಾಪ್‌ಗೆಂದೇ ಇರುವ ಡಿಎಕ್ಸ್‌ಟಿ5ಎನ್‌ಎಂ ರೂಪವನ್ನು ಸೆಲೆಸ್ಟಿಯಾ ಓದುತ್ತದೆ, ಅದರಲ್ಲಿ ಅಂಚುಗಳು ನಯವಾಗಿ ಉಳಿದವು. ಎಸ್‌ಎಸ್‌ಸಿಯಲ್ಲಿ ಮೈ ಬೆಳಕನ್ನು ಹೇಗೆ ಚೆದುರಿಸಬೇಕು ಎಂದು ಹೇಳುವ ಲೂನಾರ್‌ಲ್ಯಾಂಬರ್ಟ್ ಬೆಲೆಯನ್ನೂ ಏರಿಸಿದ್ದೇನೆ. ಧೂಳು ಹೊದ್ದ ಕಾಯಗಳು ಅಂಚಿನವರೆಗೂ ಹೆಚ್ಚುಕಡಿಮೆ ಒಂದೇ ಸಮ ಬೆಳಗುತ್ತವೆ, ಚೆಂಡಿನಂತೆ ಬದಿಗೆ ಕಪ್ಪಾಗುವುದಿಲ್ಲ.

ನಿನ್ನೆ ರಾತ್ರಿ ಸ್ಟಿಕ್ನಿಯ ಅಂಚಿಗೆ ಇಳಿದು ಗಡಿಯಾರವನ್ನು ನೂರು ಪಟ್ಟು ವೇಗಕ್ಕೆ ಇಟ್ಟೆ. ಆಕಾಶದ 42 ಡಿಗ್ರಿ ಅಗಲ ಆವರಿಸಿದ ಮಂಗಳ ಅಲುಗಾಡದೆ ನಿಂತಿತ್ತು. ಬೆಳಕು ಮೊದಲು ಎದುರಿನ ದಂಡೆಯ ನೆತ್ತಿಗೆ ತಾಗಿತು, ಆಮೇಲೆ ಗೋಡೆ ಇಳಿಯಿತು. ಕುಳಿಯೊಳಗಿನ ಲಿಮ್ಟಾಕ್ ಎಂಬ ಚಿಕ್ಕ ಕುಳಿಯ ಒಂದು ಅಂಚು ಹೊಳೆದು, ಸೂರ್ಯ ದಾಟಿದ ಮೇಲೆ ಇನ್ನೊಂದು ಅಂಚು ಹೊಳೆಯಿತು. ಮೂರು ಸಲ ಹಿಂದಕ್ಕೆ ಓಡಿಸಿ ನೋಡಿದೆ.

ದಕ್ಷಿಣ ಧ್ರುವದ ತಿರುಚು ಉಳಿದಿದೆ. ಆರು ಮುಖಗಳಿಗೂ ಬೇರೆ ಬೇರೆ ಯುವಿ ಕೊಟ್ಟು, ಧ್ರುವವೇ ಇಲ್ಲದ ನಕ್ಷೆ ಮಾಡಿದರೆ ಅದೂ ಹೋಗಬೇಕು. ಮುಂದಿನ ವಾರ ಅದಕ್ಕೆ ಕೂರುತ್ತೇನೆ.