ವಾರ್ಡ್ ಗುಂಪುಗಳ ಕಥೆ: ಆರನೇ ವಾರ

ನಮ್ಮ ಮಾನಸಿಕ ಆರೋಗ್ಯ ವಾರ್ಡ್‌ಗಳಲ್ಲಿ ಗಲಾಟೆ ಕಡಿಮೆ ಮಾಡೋಣ ಅಂತ ಮೂರು ಗುಂಪು ಶುರು ಮಾಡಿದ್ದೆವು. ಈಗ ಉಳಿದಿರುವುದು ಒಂದೂವರೆ. ಪರವಾಗಿಲ್ಲ.

ಮೊದಲನೇ ಸಭೆಗೆ 14 ಜನರನ್ನು ಕೂರಿಸಿದ್ದು ನನ್ನದೇ ತಪ್ಪು. ಮಾತಾಡಿದ್ದು ಇಬ್ಬರು ಡಾಕ್ಟರು, ಉಳಿದವರು ಸುಮ್ನೆ ತಲೆಯಾಡಿಸಿದರು. ಅದೂ ಮಧ್ಯಾಹ್ನ 3 ಗಂಟೆಗೆ ಇಟ್ಟರೆ ನೈಟ್ ಡ್ಯೂಟಿಯವರು ಬರುವುದು ಹೇಗೆ, ಅವರು ಮಲಗಿರುವ ಹೊತ್ತು ಅದು, ಅಲ್ವಾ? ರಾತ್ರಿ ಗಲಾಟೆಯಾದರೆ ಓಡುವವರು ಅವರೇ.

ಈಗ ಆರು ಜನ, ಬೆಳಿಗ್ಗೆ ಶಿಫ್ಟ್ ಬದಲಾಗುವಾಗ 20 ನಿಮಿಷ. ಹಿಂದೆ ನಮ್ಮಲ್ಲೇ ಚಿಕಿತ್ಸೆ ಪಡೆದ ಒಬ್ಬರೂ ಇದ್ದಾರೆ. ಆ 20 ನಿಮಿಷವನ್ನು ಡ್ಯೂಟಿ ಲೆಕ್ಕಕ್ಕೆ ಹಾಕಿಸಲು ಎರಡು ವಾರ ಫೈಲ್ ಹಿಡಿದು ಓಡಾಡಿದೆ. ಗುಂಪು ಕಟ್ಟುವ ಕೆಲಸದಲ್ಲಿ ಅರ್ಧ ಇದೇ ಇರುತ್ತದೆ ಅಂತ ಯಾರೂ ಹೇಳಿರಲಿಲ್ಲ.

ಸೇಫ್‌ವಾರ್ಡ್ಸ್ ಬಗ್ಗೆ ಕೇಳಿರಬಹುದು, ಮಾನಸಿಕ ಆರೋಗ್ಯ ವಾರ್ಡ್‌ಗಳಲ್ಲಿ ಗಲಾಟೆ, ಬಲವಂತ ಎರಡನ್ನೂ ಕಡಿಮೆ ಮಾಡುವ ವಿಧಾನ ಅದು. ಇಂಗ್ಲೆಂಡಿನಲ್ಲಿ ಲೆನ್ ಬೋವರ್ಸ್ ತಂಡ ರೂಪಿಸಿದ್ದು, ಅದರಲ್ಲಿ 10 ಸಣ್ಣ ಸಣ್ಣ ಅಭ್ಯಾಸಗಳಿವೆ. 2015ರಲ್ಲಿ ಬಂದ ಅವರ ಅಧ್ಯಯನದಲ್ಲಿ ಜಗಳ, ಗಲಾಟೆ ಸುಮಾರು ಶೇ 15ರಷ್ಟು ಇಳಿದಿತ್ತು, ರೋಗಿಯನ್ನು ಹಿಡಿದಿಡುವುದು, ಬಲವಂತದ ಔಷಧಿಯಂಥವು ಸುಮಾರು ಶೇ 26ರಷ್ಟು. ಗುಂಪಿಗೆ ಹತ್ತೂ ಒಟ್ಟಿಗೆ ಬೇಕಿತ್ತು. ಒಂದೇ ಹಿಡಿಯೋಣ ಅಂತ ಜಗ್ಗಾಡಿ ಒಪ್ಪಿಸಿದೆ. ಹ್ಯಾಂಡೊವರ್ ಕೊಡುವಾಗ, ಅಂದರೆ ಮುಂದಿನ ಶಿಫ್ಟ್‌ನವರಿಗೆ ವಿವರ ಒಪ್ಪಿಸುವಾಗ, ಪ್ರತಿ ರೋಗಿಯ ಬಗ್ಗೆ ಒಂದಾದರೂ ಒಳ್ಳೆಯ ಮಾತು ಹೇಳಬೇಕು, ಅಷ್ಟೇ.

ಮೊದಲ ದಿನ ಒಬ್ಬರು ಸಿಸ್ಟರ್ ಒಂದು ಹೆಸರಿಗೆ ಬಂದು ನಿಂತುಬಿಟ್ಟರು. ಪುಸ್ತಕದಲ್ಲಿ ಆತನ ಮುಂದೆ ವಾರದಿಂದ ಇದ್ದದ್ದು ಒಂದೇ ಸಾಲು, 'ಮಾತು ಕೇಳುವುದಿಲ್ಲ'. ಸ್ವಲ್ಪ ಹೊತ್ತು ಯೋಚಿಸಿ, "ಪಕ್ಕದ ಬೆಡ್‌ನವರಿಗೆ ದಿನಾ ಪೇಪರ್ ಓದಿ ಹೇಳ್ತಾರೆ" ಅಂದರು. ಡೇ ಶಿಫ್ಟ್‌ನವರಿಗೆ ಇದು ಗೊತ್ತೇ ಇರಲಿಲ್ಲ. ಅವತ್ತು ಔಷಧಿ ಕೊಡುವ ಮೊದಲು ಪೇಪರ್ ಸುದ್ದಿ ಕೇಳಿದರಂತೆ. ಆತ ಗಲಾಟೆ ಮಾಡದೆ ನುಂಗಿದರು.

ಇದರಿಂದ ಗೆದ್ದೆವು ಅನ್ನಬೇಡಿ. ವಾರಕ್ಕೆ ಎಷ್ಟು ಗಲಾಟೆ ಅಂತ ಗೋಡೆ ಮೇಲೆ ಚುಕ್ಕೆ ಇಡುತ್ತಿದ್ದೇವೆ. ಮಧ್ಯದ ಗೆರೆಯ ಒಂದೇ ಬದಿಗೆ ಸತತ ಆರು ಚುಕ್ಕೆ ಬಂದರೆ ಮಾತ್ರ ಬದಲಾವಣೆ ಅಂತ ಲೆಕ್ಕ. ನಮ್ಮದು ಕೆಳಗೆ ಮೂರು ಬಂದು, ಈ ವಾರ ಮತ್ತೆ ಮೇಲೆ ಹೋಯಿತು. ಒಬ್ಬರಿಗೆ ಆ ಚುಕ್ಕೆ ಇಡದೇ ಬಿಡೋಣ ಅನ್ನಿಸಿತ್ತು! ಇಟ್ಟೆವು.

ಎರಡನೇ ಗುಂಪು, ಅದೇ ಆ ಅರ್ಧ, ಸೋಮವಾರ ಸೇರುತ್ತದೆ. ಡಾಕ್ಟರುಗಳಿಗೆ ಈ ಸಲ ಕೊನೆಯಲ್ಲಿ ಮಾತಾಡಿ ಅಂತ ಹೇಳಿಟ್ಟಿದ್ದೇನೆ.