ಪಿಕಪ್‌ಗೆ ಕ್ಯಾನೊಪಿಯೋ, ಟೊನೊ ಕವರೋ?

ಕ್ಯಾನೊಪಿ ಎಂದರೆ ಪಿಕಪ್‌ನ ಹಿಂದಿನ ತೊಟ್ಟಿಯ ಮೇಲೆ ಕೂರಿಸುವ ಎತ್ತರದ ಗಟ್ಟಿ ಗೂಡು, ಟೊನೊ ಕವರ್ ಎಂದರೆ ತೊಟ್ಟಿಯ ಅಂಚಿನ ಮಟ್ಟಕ್ಕೆ ಚಪ್ಪಟೆಯಾಗಿ ಹಾಕುವ ಮುಚ್ಚಳ. ತೊಟ್ಟಿಯ ಅಂಚಿಗಿಂತ ಎತ್ತರದ ಪೆಟ್ಟಿಗೆಗಳು ದಿನವೂ ಮಳೆಗೆ ನೆನೆಯದೆ ಹೋಗಬೇಕಾದರೆ ಕ್ಯಾನೊಪಿಯೇ ಸರಿ. ಆಗಾಗ ಬೀರು, ಫ್ರಿಜ್ಜು ನಿಲ್ಲಿಸಿ ಒಯ್ಯುವವರು ಮಡಚುವ ಟೊನೊ ಕವರ್ ಹಾಕಿಸಲಿ, ಮಡಚಿ ಮುಂದಕ್ಕೆ ಕಟ್ಟಿದರಾಯಿತು. ಫೈಬರ್ ಕ್ಯಾನೊಪಿ ಸುಮಾರು 70ರಿಂದ 100 ಕಿಲೋ ತೂಗುತ್ತದೆ. ಇಳಿಸಲು ಇಬ್ಬರಾದರೂ ಬೇಕು, ಹೊರುವ ಲೋಡಿನಲ್ಲೂ ಅಷ್ಟು ಕಳೆಯಬೇಕು.

ಎರಡರಲ್ಲೂ ನೀರು ಸೋರುವುದು ಹೆಚ್ಚಾಗಿ ಕ್ಯಾಬಿನ್ ಪಕ್ಕದ ಮೂಲೆಗಳಲ್ಲೇ. ಫೋಮ್ ಪಟ್ಟಿ ಅಂಟಿಸುವ ಮುನ್ನ ಅಂಚನ್ನು ಸ್ಪಿರಿಟ್ ಹಚ್ಚಿ ಒರೆಸಿ. ಮೂಲೆಯಲ್ಲಿ ಪಟ್ಟಿಯನ್ನು ಜಗ್ಗಬೇಡಿ. ಜಗ್ಗಿದ ಕಡೆ ತೆಳುವಾಗಿ ಸಂದಿ ಬಿಡುತ್ತದೆ. ಅದನ್ನು ತೊಟ್ಟಿಗೆ ಹಿಡಿಸುವ ಕ್ಲಾಂಪುಗಳನ್ನು ಎರಡೂ ಬದಿ ಸ್ವಲ್ಪಸ್ವಲ್ಪವೇ ಬಿಗಿ ಮಾಡಿ. 100 ಕಿ.ಮೀ. ಓಡಿಸಿದ ಮೇಲೆ ಇನ್ನೊಮ್ಮೆ ನೋಡಿ, ಫೋಮ್ ಅಮರಿ ಕ್ಲಾಂಪ್ ಸಡಿಲವಾಗಿರುತ್ತದೆ.

ಕ್ಯಾಬಿನ್ ಹಿಂದಿನ ಬ್ರೇಕ್ ದೀಪವನ್ನು ಕ್ಯಾನೊಪಿ ಮರೆಮಾಡುತ್ತದೆ. ಕ್ಯಾನೊಪಿಯ ಸ್ವಂತ ದೀಪಕ್ಕೆ ವೈರ್ ಎಳೆಸದೆ ಗಾಡಿ ರಸ್ತೆಗಿಳಿಸಲೇಬೇಡಿ.