ಮನೆ ಇಲ್ವೇನವ್ವಾ ನಿಂಗೆ?

"ಮನೆ ಇಲ್ವೇನವ್ವಾ ನಿಂಗೆ?"

"ಇದೆ ಅಜ್ಜಿ."

"ಇದ್ರೆ ಯಾಕವ್ವ ಹೊತ್ಕಂಡ್ ತಿರುಗ್ತಿದ್ದೀಯೆ?"

ಶನಿವಾರ ಸಂಜೆ ಕೇಳಿದ ಮಾತು. ಇವತ್ತು ಗುರುವಾರ. ಆಫೀಸಿನ ಲಿಫ್ಟಿನಲ್ಲಿ, ಕುಕ್ಕರ್ ಕೂಗಲೆಂದು ಕಾಯುತ್ತ ನಿಂತಾಗ, ರಾತ್ರಿ ದೀಪ ಆರಿಸಿದ ಮೇಲೆ, ಅದೇ ಮೂರು ಸಾಲು. ಅಜ್ಜಿ ಕೆಣಕಲು ಕೇಳಿದ್ದಲ್ಲ. ಕೈಯಲ್ಲಿ ಕಬ್ಬಿನ ಸಿಪ್ಪೆಯ ಕಂತೆ ಹಿಡಿದು, ನಾನು ಡೇರೆಯ ಕಡ್ಡಿ ಜೋಡಿಸುವುದನ್ನು ಎರಡು ನಿಮಿಷ ನೋಡಿ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದು.

ಸಂಕ್ರಾಂತಿ ಮುಗಿದಿತ್ತು. ಬೆಳಗಿನ ಮೆಮು ರೈಲಿಗೆ ಪಾಂಡವಪುರದಲ್ಲಿ ಇಳಿದು, ತೊಣ್ಣೂರು ಕೆರೆ ನೋಡಿಕೊಂಡು, ಸಂಜೆಗೆ ಮೇಲುಕೋಟೆ ಸೇರುವುದೆಂದು ಹೊರಟಿದ್ದೆ. ಅಲ್ಲಿ ಡೇರೆ ಹಾಕಲು ಬಾಡಿಗೆಗೆ ಜಾಗ ಕೊಡುವ ತೋಟವೊಂದಕ್ಕೆ ಮುಂಗಡ ದುಡ್ಡೂ ಕಳಿಸಿದ್ದೆ. ನನ್ನದು 20 ಇಂಚಿನ ಚಕ್ರದ ಮಡಚುವ ಸೈಕಲ್ಲು, 12.5 ಕಿಲೊ. ನಡುವಿನ ಕೀಲು ಬಿಚ್ಚಿ ಎರಡಾಗಿ ಮಡಚಿ, ಹ್ಯಾಂಡಲ್ಲಿನ ಕಂಬ ಬೀಳಿಸಿ, ಸೀಟು ಇಳಿಸಿದರೆ ಹಳೇ ಜಮಖಾನದಲ್ಲಿ ಹೊಲಿಸಿಕೊಂಡ ಚೀಲದೊಳಗೆ ಕೂರುತ್ತದೆ. ಲಗೇಜು ಬುಕ್ ಮಾಡಬೇಕಿಲ್ಲ, ಕಾರಿನ ತಲೆಗೆ ಕಟ್ಟಬೇಕಿಲ್ಲ. ಇಳಿದ ಸ್ಟೇಷನ್ನಿನಲ್ಲೇ ಬಿಚ್ಚಿ ಹತ್ತಿದರಾಯಿತು. ಹತ್ತುವ ಮೊದಲು ಕೀಲಿನ ಚಿಲಕ ಬಿಗಿಯಾಗಿ ಕೂತಿದೆಯೇ ಎಂದು ಕೈಯಿಟ್ಟು ನೋಡುವುದನ್ನು ಮಾತ್ರ ಒಂದು ದಿನವೂ ತಪ್ಪಿಸಬಾರದು.

ನಮ್ಮ ಸೈಕಲ್ ಗುಂಪಿನ ಗಂಡಸರಿಗೆ ಇದರ ಮೇಲೆ ನಂಬಿಕೆಯಿಲ್ಲ. ಸಣ್ಣ ಚಕ್ರ ದೂರಕ್ಕಲ್ಲ ಎನ್ನುತ್ತಾರೆ. ಸಣ್ಣ ಚಕ್ರಕ್ಕೆ ಸರಿತೂಗುವಂತೆ ಮುಂದಿನ ಹಲ್ಲುಚಕ್ರವನ್ನು ದೊಡ್ಡದು ಕೊಟ್ಟಿರುತ್ತಾರೆ, ನನ್ನದಕ್ಕೆ 52 ಹಲ್ಲು. ಸಮತಟ್ಟಿನಲ್ಲಿ ಯಾರಿಗೂ ಹಿಂದೆ ಬೀಳುವುದಿಲ್ಲ. ಹೊಂಡಕ್ಕೆ ಬಿದ್ದರೆ ದೊಡ್ಡ ಚಕ್ರಕ್ಕಿಂತ ಜೋರಾಗಿ ಕುಕ್ಕುತ್ತದೆ, ನಿಜ. ಒಳ್ಳೆಯ ಜನ ಅವರು, ಆದರೆ ಅವರ ಕಣ್ಣು ಯಾವಾಗಲೂ ಮೀಟರಿನ ಮೇಲೆ. ನೂರು ಕಿಲೊಮೀಟರ್ ತುಳಿದು ಬಂದವರನ್ನು ದಾರಿಯಲ್ಲಿ ಯಾರ ಜೊತೆ ಮಾತಾಡಿದಿರಿ ಎಂದು ಕೇಳಿ ನೋಡಿ.

ಹೊರೆ ಒಟ್ಟು 7 ಕಿಲೊ. ಡೇರೆಯೇ 1.7. ಮಲಗುವ ಚೀಲ, ಚಾಪೆ, ಒಂದು ಜೊತೆ ಬಟ್ಟೆ, ಪಂಪು, ಒಂದು ಟ್ಯೂಬು. ರೈಲಿನಲ್ಲಿ ಗ್ಯಾಸ್ ಒಯ್ಯುವಂತಿಲ್ಲವಾದ್ದರಿಂದ ಸ್ಟೌ ಇಲ್ಲ. ಅವಲಕ್ಕಿ, ಹುರಿಗಡಲೆ, ಬಾಳೆಹಣ್ಣು. ಕ್ಯಾರಿಯರ್ ಗಿಡ್ಡವಾದ್ದರಿಂದ ಎರಡೂ ಪಕ್ಕ ಚೀಲ ನೇತುಹಾಕಿದರೆ ಹಿಮ್ಮಡಿಗೆ ಬಡಿಯುತ್ತದೆ. ಹಾಗಾಗಿ ಎಲ್ಲವನ್ನೂ ಒಂದೇ ಉದ್ದನೆಯ ಚೀಲಕ್ಕೆ ತುಂಬಿ ಕ್ಯಾರಿಯರಿನ ಮೇಲೆ ಅಡ್ಡ ಕಟ್ಟುತ್ತೇನೆ. ಮಡಚುವ ಸೈಕಲ್ ತಯಾರಿಸುವ ಲಂಡನ್ನಿನ ಬ್ರಾಂಪ್ಟನ್ ಕಂಪನಿಯವರು ಮುಂದಿನ ಚೀಲವನ್ನು ಹ್ಯಾಂಡಲ್ಲಿಗೆ ಹಾಕದೆ ಚೌಕಟ್ಟಿಗೇ ಸಿಕ್ಕಿಸುವಂತೆ ಮಾಡಿದ್ದಾರೆ, ತಿರುವಿನಲ್ಲಿ ಭಾರ ಕೈಯನ್ನು ಎಳೆಯುವುದಿಲ್ಲ. ನನ್ನದರಲ್ಲಿ ಆ ಏರ್ಪಾಡಿಲ್ಲ, ಮುಂದೆ ನೀರಿನ ಬಾಟಲಿ ಬಿಟ್ಟು ಏನನ್ನೂ ಕಟ್ಟುವುದಿಲ್ಲ. ಎರಡು ವರ್ಷದಲ್ಲಿ ಒಂದೊಂದೇ ಸಾಮಾನು ತೂಗಿ, ಬೇಡದ್ದನ್ನು ಬಿಟ್ಟು ಈ 7 ಕಿಲೊಗೆ ಬಂದಿದ್ದೇನೆ. ಇಷ್ಟಿದ್ದರೆ ಎಲ್ಲಿ ಬೇಕಾದರೂ ರಾತ್ರಿ ಕಳೆಯಬಹುದು, ಯಾರ ಹಂಗೂ ಇಲ್ಲದೆ ಎಂಬುದು ನನ್ನ ಹೆಮ್ಮೆಯಾಗಿತ್ತು.

ಪಾಂಡವಪುರಕ್ಕೆ ಬ್ರಿಟಿಷರ ಕಾಲದಲ್ಲಿ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು. ಹೈದರ್ ಮತ್ತು ಟಿಪ್ಪುವಿನ ಜೊತೆಗಿದ್ದ ಫ್ರೆಂಚ್ ಸಿಪಾಯಿಗಳು ಅಲ್ಲಿಯ ಬಂಡೆಗಳ ಬಳಿ ಬಿಡಾರ ಹೂಡಿದ್ದರಿಂದ ಬಂದ ಹೆಸರು. ಡೇರೆ ಕಟ್ಟಿಕೊಂಡು ಆ ಬಂಡೆಗಳ ಕಡೆಯಿಂದ ಹೋಗುವಾಗ ಅದನ್ನು ನೆನೆದು ಖುಷಿಪಟ್ಟಿದ್ದೆ. ಆಮೇಲೆ ಕೆರೆ ಏರಿಯ ಹತ್ತಿರ ಜಾಲಿ ಮುಳ್ಳು. ಇದ್ದ ಒಂದು ಟ್ಯೂಬು ಹಾಕಿ ಹೊರಟೆ, ಮತ್ತೊಂದು ಮುಳ್ಳು. ಒಂದೂವರೆ ಕಿಲೊಮೀಟರ್ ತಳ್ಳಿಕೊಂಡು ಹೋದಾಗ ಸಿಕ್ಕ ಪಂಕ್ಚರ್ ಅಂಗಡಿಯವರು ಮಕ್ಕಳ ಸೈಕಲ್ಲಿನ ಟ್ಯೂಬನ್ನೇ ತೆಗೆದು ಕೂರಿಸಿದರು, ಅಳತೆ ಸರಿಹೋಯಿತು. ಊಟ ಮಾಡುತ್ತಿದ್ದವರು ಎದ್ದು ಬಂದು ಮಾಡಿಕೊಟ್ಟರು. ಅಷ್ಟರಲ್ಲಿ ಹೊತ್ತು ಹೋಗಿತ್ತು.

ಜಕ್ಕನಹಳ್ಳಿಗೆ ಇನ್ನೂ ದೂರವಿರುವಾಗಲೇ ಕತ್ತಲಾಗತೊಡಗಿತು. ರಸ್ತೆಯ ಎರಡೂ ಕಡೆ ಕಬ್ಬು. ಒಂದು ಕಡೆ ಬೆಳಕು, ಹೊಗೆ, ಬೆಲ್ಲದ ಪಾಕದ ವಾಸನೆ: ಆಲೆಮನೆ. ಪಕ್ಕದಲ್ಲಿ ಕಟಾವಾದ ಬಯಲು. ರಾತ್ರಿ ಇಲ್ಲಿ ಡೇರೆ ಹಾಕಿಕೊಳ್ಳಲೇ ಎಂದು ಕೇಳಿದೆ. ಗಾಣಕ್ಕೆ ಕಬ್ಬು ಕೊಡುತ್ತಿದ್ದಾತ ತಲೆಯೆತ್ತದೆ, "ಅಲ್ ಬ್ಯಾಡಿ, ಚಿರತೆ ಓಡಾಡ್ತವೆ. ಇತ್ಲಾಗ್ ಹಾಕಳಿ," ಎಂದ. ಅಷ್ಟೇ. ಒರಟ ಎಂದುಕೊಂಡೆ. ಮಂಡ್ಯದ ಕಬ್ಬಿನ ಗದ್ದೆಗಳಲ್ಲಿ ಚಿರತೆ ಮರಿ ಹಾಕುತ್ತದೆ, ಕಟಾವು ಬಂದಾಗ ಮರೆ ತಪ್ಪಿ ಹೊರಗೆ ಬರುತ್ತದೆ. ಓದಿ ಗೊತ್ತಿತ್ತು, ಆದರೂ ನಾನು ಆರಿಸಿದ್ದು ಅದೇ ಬಯಲನ್ನು.

ಒಲೆಯ ಮಗ್ಗುಲಿಗೆ ಬಂದು ಡೇರೆ ಬಿಚ್ಚಿದಾಗಲೇ ಅಜ್ಜಿ ಕೇಳಿದ್ದು.

ಇದ್ರೆ ಯಾಕವ್ವ ಹೊತ್ಕಂಡ್ ತಿರುಗ್ತಿದ್ದೀಯೆ?

ಸುಮ್ಮನೆ ಊರು ನೋಡೋಕೆ ಅಜ್ಜಿ ಎಂದೆ. ಆಕೆ ಹ್ಞೂಂ ಎನ್ನಲಿಲ್ಲ, ಉಹ್ಞೂಂ ಎನ್ನಲಿಲ್ಲ. ಸಿಪ್ಪೆಯನ್ನು ಒಲೆಯ ಬಾಯಿಗೆ ತುರುಕಿ ಬಂದು, ಹಿತ್ತಾಳೆ ಚೊಂಬಿನಲ್ಲಿ ಕಬ್ಬಿನ ಹಾಲು ಕೊಟ್ಟಳು. ಆಮೇಲೆ ಮುದ್ದೆ, ಅವರೆಕಾಳಿನ ಸಾರು. ನನ್ನ ಚೀಲದಲ್ಲಿ ಅವಲಕ್ಕಿ ಇದೆ ಎಂದರೆ, "ಇರ್ಲಿ, ನಾಳೀಕ್ ಆಯ್ತದೆ," ಎಂದಳು.

ರಾತ್ರಿಯೆಲ್ಲ ಕೊಪ್ಪರಿಗೆ ಕುದಿಯಿತು. ಡೇರೆಯೊಳಗೆ ಮಲಗಿ ಅವರ ಮಾತು ಕೇಳುತ್ತಿದ್ದೆ. ಪಾಕ ಬಂತಾ, ಇನ್ನೊಸಿ ತಡಿ, ಮಡ್ಡಿ ತೆಗಿ. ಮಧ್ಯೆ ಎಚ್ಚರವಾದಾಗ ಡೇರೆಯ ಬಟ್ಟೆ ಬೆಳ್ಳಗೆ ಬೆಳಗುತ್ತಿತ್ತು. ಆ ಒರಟ, ಅಜ್ಜಿಯ ಮಗನಂತೆ, ಗಾಣದ ಹತ್ತಿರವಿದ್ದ ಬಲ್ಬನ್ನು ಬಿಚ್ಚಿ ತಂದು ನನ್ನ ಡೇರೆಯ ಕಡೆ ಮುಖ ಮಾಡಿ ಕಟ್ಟಿದ್ದ. ತಾನು ಒಲೆಯ ಬೆಳಕಿನಲ್ಲೇ ಕೆಲಸ ಮಾಡುತ್ತಿದ್ದ. ಅದನ್ನು ಬೆಳಿಗ್ಗೆಯೂ ಹೇಳಲಿಲ್ಲ. ಹುಷಾರು ಕಣ್ರೀ ಎಂದು ದಿನಕ್ಕೆ ನಾಲ್ಕು ಸಲ ಮೆಸೇಜು ಹಾಕುವವರಿಗಿಂತ ಇಂಥವರ ಮೇಲೆ ನನಗೆ ಹೆಚ್ಚು ಗೌರವ.

ಆ ಬೆಳಕಿನಲ್ಲಿ ನಿದ್ದೆ ಬರಲಿಲ್ಲ. ಮನೆ ಇದೆ ಎಂದು ಅಷ್ಟು ಬೇಗ ಹೇಳಿದೆನಲ್ಲ, ಯಾವ ಮನೆ? ಬೆಂಗಳೂರಿನದು ಬಾಡಿಗೆಯದು. ಊರಿನ ಮನೆ ಮಾರಿ ಎರಡು ವರ್ಷವಾಯಿತು. ಅಮ್ಮ ಹೋದ ಮೇಲೆ ತಮ್ಮ ಕಾಗದ ತಂದ, ಜಗಳವಾಡದೆ ಸಹಿ ಹಾಕಿದೆ, ನನಗೇನೂ ಬೇಡ ಎಂದೆ. ಅದರಲ್ಲೂ ಹೆಮ್ಮೆ. ಮೂರು ತಿಂಗಳಿಗೆ ಈ ಸೈಕಲ್ ಕೊಂಡೆ, ಆಮೇಲೆ ಡೇರೆ. ಮನೆ ಹೋದದ್ದನ್ನೂ ಇವನ್ನು ಕೊಂಡದ್ದನ್ನೂ ಒಂದರ ಪಕ್ಕ ಒಂದಿಟ್ಟು ನಾನು ಒಂದು ದಿನವೂ ನೋಡಿರಲಿಲ್ಲ. ಸಂಕ್ರಾಂತಿಗೆ ಎಳ್ಳು ಬೀರಲು ಹೋಗಬೇಕಾದ ಮನೆ ಇಲ್ಲದ್ದಕ್ಕೇ ಹಬ್ಬದ ವಾರ ಊರು ಬಿಟ್ಟು ಹೊರಡುತ್ತಿದ್ದೇನೆಯೇ? ಹೌದೋ ಅಲ್ಲವೋ. ಸೈಕಲ್ ತುಳಿಯುವುದರ ಸುಖ ಸುಳ್ಳಲ್ಲ. ಕಾಲುವೆ ಏರಿಯ ಮೇಲೆ ಬೆಳಗಿನ ಗಾಳಿಗೆ ಹೋಗುವಾಗ ನನಗೆ ಯಾರ ನೆನಪೂ ಬರುವುದಿಲ್ಲ. ಆದರೆ ಯಾರನ್ನೂ ಏನೂ ಕೇಳದೆ ಬದುಕಬಲ್ಲೆನೆಂದು ತೋರಿಸಲು ನಾನು 7 ಕಿಲೊ ಹೊತ್ತಿದ್ದೆ. ಅದನ್ನು ತೋರಿಸುತ್ತಿದ್ದುದು ಯಾರಿಗೆ? ತಮ್ಮನಿಗೆ ನಾನು ಡೇರೆ ಕೊಂಡ ವಿಷಯವೂ ಗೊತ್ತಿಲ್ಲ.

ಬೆಳಿಗ್ಗೆ ಮಂಜಿಗೆ ಡೇರೆ ತೊಪ್ಪೆಯಾಗಿತ್ತು. ಒದ್ದೆಯಾಗಿಯೇ ಸುತ್ತಿದೆ. ಅಜ್ಜಿ ಅಚ್ಚುಬೆಲ್ಲವನ್ನು ಹಳೇ ಪಂಚೆಯ ತುಂಡಿನಲ್ಲಿ ಕಟ್ಟಿಕೊಟ್ಟಳು, ಮೂರು ಕಿಲೊ ಇರಬೇಕು. ದುಡ್ಡು ಮುಂದಕ್ಕೆ ಚಾಚಿದೆ. "ದುಡ್ ಕೊಟ್ಬುಟ್ರೆ ನೀನ್ಯಾರೋ ನಾನ್ಯಾರೋ," ಎಂದು ಕೈ ತಳ್ಳಿದಳು.

ಜಕ್ಕನಹಳ್ಳಿ ದಾಟಿದ ಮೇಲೆ ಏರು. ಹಿಂದಿನ ಭಾರಕ್ಕೆ ಮುಂದಿನ ಚಕ್ರ ಹಗುರಾಗಿ ಓಲಾಡುತ್ತಿತ್ತು, ಅರ್ಧಕ್ಕೂ ಹೆಚ್ಚು ದಾರಿ ಇಳಿದು ತಳ್ಳಿದೆ. ಮೇಲುಕೋಟೆಯ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ತುಂಬ ಹೊತ್ತು ಕಳೆದೆ. ಮುಂಗಡ ಕೊಟ್ಟಿದ್ದ ತೋಟದ ಕಡೆ ಹೋಗಲೇ ಇಲ್ಲ.

ಭಾನುವಾರ ರಾತ್ರಿ ಮನೆಗೆ ಬಂದವಳು ಡೇರೆಯನ್ನು ಬಾಲ್ಕನಿಯ ಹಗ್ಗಕ್ಕೆ ಹಾಕಿದೆ. ಸೋಮವಾರವೇ ಒಣಗಿತು. ಬಾಗಿಲು ತೆಗೆದರೆ ಹೊಗೆ ಮತ್ತು ಪಾಕದ ವಾಸನೆ ಒಳಗೆ ಬರುತ್ತದೆ. ಇನ್ನೂ ಮಡಚಿಟ್ಟಿಲ್ಲ.